ಕಣೇಕಲ್ಲಿನಿಂದ ಸಮುದ್ರ ಎಷ್ಟು ದೂರ?

ಏಳನೇ ತರಗತಿಗೆ ಭೂಪಟ ತೂಗುಹಾಕಿ ನದಿಗಳ ಪಾಠ ಮಾಡುತ್ತಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ನಮ್ಮೂರ ಮೋರಿ ನೀರು ಎಲ್ಲಿಗೆ ಹೋಗ್ತೈತೆ?" ಅಂತ ಕೇಳಿದ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ.

"ಹಗರಿಗೆ" ಅಂದೆ.

"ಹಗರಿ ಎಲ್ಲಿಗೆ ಹೋಗ್ತೈತೆ ಸಾರ್?"

"ತುಂಗಭದ್ರೆಗೆ."

"ಆಮೇಲೆ?"

"ಕೃಷ್ಣೆಗೆ. ಅಲ್ಲಿಂದ ಬಂಗಾಳ ಕೊಲ್ಲಿಗೆ."

"ಹಂಗಾದ್ರೆ ನಮ್ಮೂರ ಮೋರಿ ಸಮುದ್ರಕ್ಕೆ ಹೋಗ್ತೈತೆ" ಅಂತ ತಾನೇ ತೀರ್ಮಾನ ಹೇಳಿ ಕೂತುಬಿಟ್ಟ.

ಈ ಸಲ ಯಾರೂ ನಗಲಿಲ್ಲ. ಮನೆಗೆ ಬಂದ ಮೇಲೂ ಆ ಮಾತು ತಲೆಯಿಂದ ಹೋಗಲಿಲ್ಲ. ಜೈಸಲ್ಮೇರ್ ಬಿಟ್ಟರೆ ದೇಶದಲ್ಲೇ ಕಡಿಮೆ ಮಳೆಯ ಜಿಲ್ಲೆ ನಮ್ಮದು ಎಂದು ಹೇಳಿಕೊಂಡು ಬೆಳೆದವರು ನಾವು. ಕಡಲು ಅಂದರೆ ಪುಸ್ತಕದ ಚಿತ್ರ ಅಷ್ಟೆ. ಕಡಲ ಮಾಲಿನ್ಯ, ಅದಕ್ಕೆ ಸರ್ಕಾರದ ನೀತಿ ಎಂದರೆ ಮಂಗಳೂರಿನವರದೋ ವಿಶಾಖಪಟ್ಟಣದವರದೋ ತಲೆನೋವು ಎಂದು ಬಿಟ್ಟುಬಿಡುತ್ತೇವೆ. ಹುಡುಗನ ಲೆಕ್ಕ ಹಾಗಿಲ್ಲ. ಆ ಲೆಕ್ಕ ಹಿಡಿದು ಈ ನೀತಿಯ ಚರಿತ್ರೆಯನ್ನು ಒಮ್ಮೆ ನೋಡೋಣ ಅನ್ನಿಸಿತು.

ಮೊದಲು ನಮ್ಮ ನೀರಿನ ದಾರಿ. ಭೂಪಟದ ಮೇಲೆ ಅಳತೆಪಟ್ಟಿ ಇಟ್ಟರೆ ಕಣೇಕಲ್ಲಿಗೆ ಹತ್ತಿರದ ಸಮುದ್ರ ಪಶ್ಚಿಮದ್ದು. ಕುಮಟಾ ಕಡೆಯ ಅರಬ್ಬಿ ಸಮುದ್ರ ನೇರ ಗೆರೆಯಲ್ಲಿ ಮುನ್ನೂರು ಕಿಲೋಮೀಟರಿಗೂ ಕಡಿಮೆ. ಆದರೆ ನೀರು ಅಳತೆಪಟ್ಟಿಯ ಮಾತು ಕೇಳುವುದಿಲ್ಲ. ಬಾಬಾಬುಡನ್‌ಗಿರಿಯ ಸೀಮೆಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಕಡೂರಿನ ಹತ್ತಿರ ಕೂಡಿ ವೇದಾವತಿಯಾಗಿ, ಹಿರಿಯೂರಿನ ಬಳಿ ವಾಣಿವಿಲಾಸ ಸಾಗರದಲ್ಲಿ ತಂಗಿ, ಚಳ್ಳಕೆರೆ ಸೀಮೆ ದಾಟಿ ನಮ್ಮ ರಾಯದುರ್ಗದ ಕಡೆ ಬರುತ್ತದೆ. ಭೈರವಾನಿತಿಪ್ಪ ಅಣೆಕಟ್ಟಿನಲ್ಲಿ ಮತ್ತೊಮ್ಮೆ ನಿಂತು ಕಣೇಕಲ್ಲಿನ ಪಕ್ಕದಲ್ಲಿ ಹಾದು ಬಳ್ಳಾರಿ ಜಿಲ್ಲೆಗೆ ಹೋಗಿ, ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆ ಸೇರುತ್ತದೆ. ಅಂದರೆ ಕರ್ನಾಟಕದಲ್ಲಿ ಹುಟ್ಟಿ, ಆಂಧ್ರಕ್ಕೆ ಬಂದು, ತಿರುಗಿ ಕರ್ನಾಟಕಕ್ಕೆ ಹೋಗಿ, ತುಂಗಭದ್ರೆಯ ಜೊತೆ ಮತ್ತೆ ಗಡಿಗೆ ಬರುವ ನದಿ ಇದು. ಗಡಿನಾಡ ಕನ್ನಡಿಗರ ಪಾಡೇ ಈ ನದಿಯದೂ ಎಂದು ಸ್ಟಾಫ್ ರೂಮಿನಲ್ಲಿ ನಾವು ತಮಾಷೆ ಮಾಡುವುದುಂಟು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದಾಗ ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಬಂತು. ನದಿಗೆ ಯಾರೂ ತಿಳಿಸಲಿಲ್ಲ.

ಇನ್ನೊಂದು ದಾರಿಯೂ ಇದೆ. ತುಂಗಭದ್ರಾ ಅಣೆಕಟ್ಟಿನ ಮೇಲ್ಮಟ್ಟದ ಕಾಲುವೆ, ನಾವು ಎಚ್.ಎಲ್.ಸಿ. ಅನ್ನುವುದು, ಬಳ್ಳಾರಿ ಸೀಮೆ ದಾಟಿ ನಮ್ಮಲ್ಲಿಗೆ ಬಂದು ಕಣೇಕಲ್ಲು ಕೆರೆಗೂ ನೀರು ಕೊಟ್ಟು ಮುಂದೆ ಪೆನಕಚರ್ಲದ ಮಧ್ಯ ಪೆನ್ನಾರ್ ಜಲಾಶಯಕ್ಕೆ ಹೋಗುತ್ತದೆ. ಪೆನ್ನಾ ನದಿ ಸಮುದ್ರ ಸೇರುವುದು ನೆಲ್ಲೂರು ಜಿಲ್ಲೆಯಲ್ಲಿ. ಮಡಕಶಿರಾದ (2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆ) ಬಂಧುಗಳೂ ಇದೇ ದಾರಿಯವರು. ಅವರ ಕಡೆಯ ಜಯಮಂಗಲಿ ಪೆನ್ನೆಗೇ ಸೇರುತ್ತದೆ. ಹೀಗೆ ನಮ್ಮ ನೀರು ಕೃಷ್ಣೆಯ ಹಂಸಲದೀವಿ ಕಡೆಗೂ ಹೋಗುತ್ತದೆ, ಪೆನ್ನೆಯ ನೆಲ್ಲೂರು ಕಡೆಗೂ ಹೋಗುತ್ತದೆ. ಸಮುದ್ರ ನೋಡದ ಊರಿಗೆ ಸಮುದ್ರಕ್ಕೆ ಎರಡು ಬಾಗಿಲು!

ಈಗ ಕಾನೂನಿನ ಮಾತು. ಬ್ರಿಟಿಷರ ಕಾಲದ 1860ರ ದಂಡಸಂಹಿತೆಯಲ್ಲಿ 277ನೇ ಕಲಮು ಅಂತ ಒಂದಿತ್ತು. ಸಾರ್ವಜನಿಕ ಚಿಲುಮೆ ಅಥವಾ ಜಲಾಶಯದ ನೀರನ್ನು ಬೇಕೆಂದೇ ಕೆಡಿಸಿದವನಿಗೆ 3 ತಿಂಗಳವರೆಗೆ ಸಜೆ ಅಥವಾ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆ 500 ರೂಪಾಯಿ 160 ವರ್ಷ ದಾಟಿದರೂ 500 ರೂಪಾಯಿಯೇ ಆಗಿ ಉಳಿಯಿತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 5,000 ಆಯಿತು. ಆದರೆ ಆ ಕಲಮಿನಲ್ಲಿದ್ದದ್ದು ಚಿಲುಮೆ ಮತ್ತು ಜಲಾಶಯ. ಹರಿಯುವ ನದಿಯ ಹೆಸರು ಅಲ್ಲಿರಲಿಲ್ಲ, ಸಮುದ್ರವಂತೂ ದೂರವೇ ಉಳಿಯಿತು.

ಸ್ವತಂತ್ರ ಭಾರತ ಈ ಕಡೆ ನೋಡಲು ಸ್ವಲ್ಪ ಹೊತ್ತು ತೆಗೆದುಕೊಂಡಿತು. 1962ರಲ್ಲಿ ಒಂದು ಸಮಿತಿ, 1969ರಲ್ಲಿ ರಾಜ್ಯಸಭೆಯಲ್ಲಿ ಮಸೂದೆ, 1972ರಲ್ಲಿ ಸ್ಟಾಕ್‌ಹೋಮ್ ಪರಿಸರ ಸಮ್ಮೇಳನದಲ್ಲಿ ಇಂದಿರಾ ಗಾಂಧಿಯವರ ಭಾಷಣ, ಕೊನೆಗೆ 1974ರ ಮಾರ್ಚ್‌ನಲ್ಲಿ ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಕಾಯ್ದೆ. ಕಾನೂನು ಪುಸ್ತಕ ಎಂದರೆ ನಿದ್ದೆ ಬರುತ್ತದೆ ಅನ್ನುವವರು ಈ ಕಾಯ್ದೆಯ 2ನೇ ಕಲಮನ್ನು ಒಮ್ಮೆ ಓದಬೇಕು. ಅಲ್ಲಿ 'ಹೊಳೆ' ಎಂದರೆ ಏನು ಎಂಬ ವಿವರಣೆ ಇದೆ. ನದಿ ಬರುತ್ತದೆ. ನೀರು ಹರಿಯುವ ದಾರಿ ಬರುತ್ತದೆ, ಅದು ಹರಿಯುತ್ತಿರಲಿ ಅಥವಾ ಸದ್ಯಕ್ಕೆ ಒಣಗಿರಲಿ. ಒಳನಾಡಿನ ನೀರು, ಸಹಜವಾದದ್ದು ಮತ್ತು ಮನುಷ್ಯ ಕಟ್ಟಿದ್ದು ಎರಡೂ ಬರುತ್ತವೆ. ಅಂತರ್ಜಲ ಬರುತ್ತದೆ. ಕೊನೆಗೆ ಸಮುದ್ರ ಮತ್ತು ಭರತ ಇಳಿತದ ನೀರು, ರಾಜ್ಯ ಸರ್ಕಾರ ಅಧಿಸೂಚನೆಯಲ್ಲಿ ಹೇಳುವಷ್ಟು ದೂರದವರೆಗೆ.

ಇದನ್ನು ಮೊದಲ ಸಲ ಓದಿದಾಗ ನನಗೆ ನಿಜವಾಗಿ ಖುಷಿಯಾಯಿತು. ವರ್ಷದ ಹೆಚ್ಚು ದಿನ ಬರೀ ಮರಳಾಗಿ ಬಿದ್ದಿರುವ ನಮ್ಮ ಹಗರಿ, ನಮ್ಮ ಎಚ್.ಎಲ್.ಸಿ. ಕಾಲುವೆ, ಕಣೇಕಲ್ಲು ಕೆರೆ, ಅಲ್ಲಿ ಹಂಸಲದೀವಿಯ ಕಡಲು... ಎಲ್ಲವೂ ಒಂದೇ ಪದದ ಒಳಗೆ! ಹುಡುಗ ತರಗತಿಯಲ್ಲಿ ಹೇಳಿದ್ದನ್ನು ಸಂಸತ್ತು 1974ರಲ್ಲೇ ಬರೆದಿಟ್ಟಿತ್ತು. ಒಣಗಿದ ಹಳ್ಳಕ್ಕೆ ಕಸ ಸುರಿಯುವವರು "ನೀರೇ ಇಲ್ಲವಲ್ಲ ಸ್ವಾಮಿ" ಅಂದರೆ ಉತ್ತರ ಕಾಯ್ದೆಯಲ್ಲೇ ಇದೆ.

ಆದರೆ ನೀರು ಸಂವಿಧಾನದಲ್ಲಿ ರಾಜ್ಯಗಳ ಪಟ್ಟಿಯ ವಿಷಯ. ಹಾಗಾಗಿ 252ನೇ ವಿಧಿಯಂತೆ ರಾಜ್ಯಗಳ ಶಾಸನಸಭೆಗಳು ಬೇಕು ಎಂದು ನಿರ್ಣಯ ಮಾಡಿ ಕಳಿಸಿದ ಮೇಲೆ ಸಂಸತ್ತು ಈ ಕಾಯ್ದೆ ಮಾಡಿತು. ಹಾಗೆ ಮೊದಲು ಕೇಳಿದ ರಾಜ್ಯಗಳು 12. ಅವುಗಳಲ್ಲಿ ಕರ್ನಾಟಕ ಇತ್ತು, ಆಂಧ್ರಪ್ರದೇಶ ಇರಲಿಲ್ಲ. ತಮಿಳುನಾಡು, ಒರಿಸ್ಸಾ, ಮಹಾರಾಷ್ಟ್ರವೂ ಇರಲಿಲ್ಲ. ಕರ್ನಾಟಕದ ಮಂಡಳಿ 1974ರಲ್ಲೇ ಹುಟ್ಟಿತು, ಆಂಧ್ರದ್ದು 1976ರಲ್ಲಿ. ವೇದಾವತಿ ಹುಟ್ಟುವ ಕಡೆ ಕಾನೂನು ಬಂದಾಗ ಅದರ ನೀರು ಕಡಲು ಸೇರುವ ಕಡೆ ಕಾನೂನು ಇರಲಿಲ್ಲ. ಎರಡು ವರ್ಷ ದೊಡ್ಡದಲ್ಲ, ನಿಜ. ಆದರೆ ಒಂದೇ ನದಿಗೆ ಎರಡು ಮಂಡಳಿ, ಎರಡು ಕಚೇರಿ, ಎರಡು ಕಡತ ಎಂಬ ಏರ್ಪಾಡು ಅಲ್ಲಿಂದ ಶುರುವಾಯಿತು. ರಾಜ್ಯಗಳು ಸೇರಿ ಜಂಟಿ ಮಂಡಳಿ ಮಾಡಿಕೊಳ್ಳಬಹುದು ಎಂದು ಅದೇ ಕಾಯ್ದೆಯ 13ನೇ ಕಲಮು ಹೇಳುತ್ತದೆ.

ಇದರ ಪಕ್ಕದಲ್ಲಿ ಇನ್ನೊಂದು ಕಡತ ಇಟ್ಟು ನೋಡಿ. ತುಂಗಭದ್ರೆಯ ನೀರು ಹಂಚಲು 1953ರಲ್ಲೇ ತುಂಗಭದ್ರಾ ಮಂಡಳಿ ಬಂತು. 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಳಿ 1976ರಲ್ಲಿ ಅಂತಿಮ ಲೆಕ್ಕ ಕೊಟ್ಟಾಗ ನಮ್ಮ ಬಡ ವೇದಾವತಿಯನ್ನೂ ಬಿಡಲಿಲ್ಲ. ಅದರ ಕಣಿವೆಯಿಂದ ಕರ್ನಾಟಕ 42 ಟಿಎಂಸಿಗಿಂತ, ಆಂಧ್ರ 12.5 ಟಿಎಂಸಿಗಿಂತ ಹೆಚ್ಚು ಬಳಸಬಾರದು ಎಂದು ಬರೆಯಿತು. ನೀರು ಎಷ್ಟು ಎಂಬುದಕ್ಕೆ ದಶಮಾಂಶದ ಲೆಕ್ಕ, ನೀರು ಹೇಗಿದೆ ಎಂಬುದಕ್ಕೆ ಬೇರೆ ಇಲಾಖೆ! ನಮ್ಮ ಎರಡೂ ರಾಜ್ಯಗಳ ರಾಜಕಾರಣಿಗಳು ವೇದಿಕೆ ಮೇಲೆ ಹೇಳುವ ಒಂದು ಮಾತಿದೆಯಲ್ಲ, "ನಮ್ಮ ಪಾಲಿನ ನೀರು ವ್ಯರ್ಥವಾಗಿ ಸಮುದ್ರಕ್ಕೆ ಹೋಗುತ್ತಿದೆ" ಅಂತ. ಬರದ ಸೀಮೆಯವನಾಗಿ ಆ ಸಂಕಟ ನನಗೂ ಗೊತ್ತು. ಆದರೆ ಆ ನೀರಿನ ಜೊತೆ ಏನೇನು ಹೋಗುತ್ತಿದೆ ಎಂದು ಯಾವ ವೇದಿಕೆಯಲ್ಲೂ ಕೇಳಿದ ನೆನಪಿಲ್ಲ.

ಏನು ಹೋಗುತ್ತಿತ್ತು ಎಂಬುದಕ್ಕೆ ತುಂಗಭದ್ರೆಯೇ ಸಾಕ್ಷಿ. ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ 1970ರ ದಶಕದಲ್ಲಿ ಶುರುವಾಯಿತು. ಅದರ ತ್ಯಾಜ್ಯ ನೀರಿನಿಂದ ಮೀನು ಸಾಯುತ್ತಿವೆ, ದನ ನೀರು ಮುಟ್ಟುತ್ತಿಲ್ಲ, ಮೈ ಕೆರೆತ ಬರುತ್ತಿದೆ ಎಂದು ಕೆಳಗಿನ ಹಳ್ಳಿಗಳವರು ದೂರಿದರು. 1984ರಲ್ಲಿ ಹುಟ್ಟಿದ ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠರು ಮತ್ತು ಸಂಗಡಿಗರು ಆ ಊರುಗಳ ಜೊತೆ ನಿಂತು ನಡೆಸಿದ ಹೋರಾಟ ಕರ್ನಾಟಕದ ಪರಿಸರ ಚರಿತ್ರೆಯ ಮುಖ್ಯ ಅಧ್ಯಾಯ. ನಾವು ಅದನ್ನು ಹರಿಹರ-ರಾಣೆಬೆನ್ನೂರಿನ ಕಥೆ ಎಂದು ಓದುತ್ತೇವೆ. ಆದರೆ ಎಚ್.ಎಲ್.ಸಿ.ಗೆ ನೀರು ಬರುವುದು ಅದೇ ನದಿಯಿಂದ ಅಲ್ಲವೇ? ಹರಿಹರದ ಕೆಳಗೆ ಹೊಸಪೇಟೆ, ಹೊಸಪೇಟೆಯ ಕೆಳಗೆ ನಾವು, ನಮ್ಮ ಕೆಳಗೆ ಕಡಲು.

ಹೊರಗಿನ ಪ್ರಪಂಚದಲ್ಲಿ ಏನಾಗುತ್ತಿತ್ತು? ಅಲ್ಲಿ ಕಾನೂನು ಹಡಗಿನಿಂದ ಶುರುವಾಯಿತು. 1967ರಲ್ಲಿ ಇಂಗ್ಲೆಂಡಿನ ತೀರದಲ್ಲಿ ಟಾರಿ ಕ್ಯಾನ್ಯನ್ ಎಂಬ ತೈಲ ಹಡಗು ಒಡೆದು ಕಡಲೆಲ್ಲ ಎಣ್ಣೆಯಾಯಿತು. 1972ರಲ್ಲಿ ಹಡಗಿನಿಂದ ಕಸ ಸುರಿಯುವುದರ ವಿರುದ್ಧ ಲಂಡನ್ ಒಪ್ಪಂದ, 1973ರಲ್ಲಿ ಹಡಗುಗಳ ಮಾಲಿನ್ಯದ ಮಾರ್ಪೋಲ್ ಒಪ್ಪಂದ. ಹಡಗಿಗೆ ಒಡೆಯ ಇರುತ್ತಾನೆ, ಬಾವುಟ ಇರುತ್ತದೆ, ಹಿಡಿಯುವುದು ಸುಲಭ. ಆದರೆ ಕಡಲಿನ ಕೊಳೆಯಲ್ಲಿ ಶೇಕಡಾ 80ರಷ್ಟು ನೆಲದಿಂದ ಬರುತ್ತದೆ ಎಂದು ವಿಶ್ವಸಂಸ್ಥೆಯ ದಾಖಲೆಗಳೇ ಹೇಳುತ್ತ ಬಂದಿವೆ. ಮೋರಿಗೆ ಬಾವುಟ ಇರುವುದಿಲ್ಲವಲ್ಲ!

1982ರ ಸಮುದ್ರ ಕಾನೂನು ಒಡಂಬಡಿಕೆಯ 207ನೇ ವಿಧಿ ಮೊದಲ ಬಾರಿಗೆ ಇಡೀ ಪ್ರಪಂಚಕ್ಕೆ ಅನ್ವಯಿಸುವಂತೆ ನೆಲದ ಮೂಲವನ್ನು ಹೆಸರಿಸಿತು: ನದಿ, ಅಳಿವೆ, ಕೊಳವೆ, ಚರಂಡಿ ಬಾಯಿ. ಆದರೆ ಭಾಷೆ ನೋಡಿ. ಹಡಗಿನ ವಿಷಯದಲ್ಲಿ ದೇಶಗಳ ಕಾನೂನು ಅಂತರರಾಷ್ಟ್ರೀಯ ನಿಯಮಕ್ಕಿಂತ ಸಡಿಲ ಇರಕೂಡದು ಎಂದು ಹೇಳುವ ಒಡಂಬಡಿಕೆ, ನೆಲದ ವಿಷಯಕ್ಕೆ ಬಂದಾಗ ಅಂಥ ನಿಯಮಗಳನ್ನು 'ಗಮನದಲ್ಲಿಟ್ಟುಕೊಂಡು' ಕಾನೂನು ಮಾಡಿ ಎನ್ನುತ್ತದೆ. ಗಮನದಲ್ಲಿಟ್ಟುಕೊಳ್ಳುವುದು ಎಂದರೆ ಏನೆಂದು ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟವರಿಗೆಲ್ಲ ಗೊತ್ತು. ಭಾರತ ಈ ಒಡಂಬಡಿಕೆಯನ್ನು 1995ರಲ್ಲಿ ಅಂಗೀಕರಿಸಿತು. ಅದೇ ವರ್ಷ ನವೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ 108 ಸರ್ಕಾರಗಳು ನೆಲದ ಚಟುವಟಿಕೆಗಳಿಂದ ಕಡಲನ್ನು ಕಾಪಾಡುವ ಜಾಗತಿಕ ಕಾರ್ಯಕ್ರಮ ಒಪ್ಪಿದವು. ಅದರ ಪಟ್ಟಿಯಲ್ಲಿ ಊರ ಕೊಳಚೆ, ಕೀಟನಾಶಕದಂಥ ದೀರ್ಘಕಾಲ ಉಳಿಯುವ ವಿಷ, ಭಾರಲೋಹ, ಗೊಬ್ಬರದ ಸತ್ವ, ಕಸ, ಹೂಳು ಮಣ್ಣು ಎಲ್ಲ ಇವೆ. ಅದರಲ್ಲಿ ಯಾರ ಮೇಲೂ ಕಡ್ಡಾಯ ಇಲ್ಲ, ಒಪ್ಪಿಗೆ ಅಷ್ಟೆ.

ಆ ಪಟ್ಟಿಯಲ್ಲಿ ವಿಷ ಎಂದಾಗ ನಮ್ಮ ಇನ್ನೊಂದು ಗಡಿಯ ಬಂಧುಗಳು, ಕಾಸರಗೋಡಿನವರು ನೆನಪಾಗುತ್ತಾರೆ. ಅವರ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಸುರಿದ ಎಂಡೋಸಲ್ಫಾನ್ 2011ರಲ್ಲಿ ಜಾಗತಿಕ ನಿಷೇಧದ ಪಟ್ಟಿಗೆ ಸೇರಿತು. ಅದೇ ವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿ ತಡೆ ಹಾಕಿತು. ಅಲ್ಲಿ ಕಡಲು ಹತ್ತಿರ, ನಮ್ಮಲ್ಲಿ ದೂರ, ಅಷ್ಟೇ ವ್ಯತ್ಯಾಸ.

ನಮ್ಮ ಸರ್ಕಾರದ ಕಡಲ ನೀತಿಗೆ ಬರೋಣ. 1981ರಲ್ಲಿ ಇಂದಿರಾ ಗಾಂಧಿಯವರು ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು ತೀರದಿಂದ 500 ಮೀಟರ್ ಜಾಗ ಖಾಲಿ ಬಿಡಿ ಎಂದರು. ಅದೇ ವರ್ಷ ಸಾಗರ ಅಭಿವೃದ್ಧಿ ಇಲಾಖೆ ಹುಟ್ಟಿತು. ಆ ಪತ್ರದ 500 ಮೀಟರ್ 1991ರ ಫೆಬ್ರವರಿಯ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಕಾನೂನಾಯಿತು. ಶುದ್ಧ ಮಾಡದ ಕೊಳಚೆಯನ್ನು ಕಡಲಿಗೆ ಬಿಡಬಾರದು, ಈಗಾಗಲೇ ಬಿಡುತ್ತಿರುವವರು 3 ವರ್ಷದೊಳಗೆ ನಿಲ್ಲಿಸಬೇಕು ಎಂದಿತು. ಇಪ್ಪತ್ತು ವರ್ಷದ ಮೇಲೆ 2011ರಲ್ಲಿ ಹೊಸ ಅಧಿಸೂಚನೆ ಬಂದಾಗ ಅದರಲ್ಲೂ ಒಂದು ಗಡುವು ಇತ್ತು, ಈ ಸಲ 2 ವರ್ಷ. ಮೊದಲ ಗಡುವು ಪಾಲಾಗಿದ್ದರೆ ಎರಡನೆಯದು ಯಾಕೆ ಬೇಕಿತ್ತು ಎಂದು ನನ್ನ ವಿದ್ಯಾರ್ಥಿಗಳೇ ಕೇಳಿಯಾರು. 2019ರಲ್ಲಿ ಮೂರನೆಯ ಅಧಿಸೂಚನೆಯೂ ಬಂದಿದೆ.

ಆ 500 ಮೀಟರ್ ಇದೆಯಲ್ಲ, ನನಗೆ ತೊಡಕು ಕಾಣುವುದು ಅಲ್ಲಿಯೇ. ಭರತದ ಗೆರೆಯಿಂದ 500 ಮೀಟರ್, ನದಿಗಳಲ್ಲಾದರೆ ಭರತ ಇಳಿತ ಮುಟ್ಟುವಷ್ಟು ದೂರ. ಅದರಾಚೆ ಕಡಲಿನ ಕಾನೂನು ಮುಗಿಯುತ್ತದೆ. 1974ರಲ್ಲಿ ಒಣಹಳ್ಳವನ್ನೂ ಕಡಲನ್ನೂ ಒಂದೇ ಪದದಲ್ಲಿ ಕಟ್ಟಿದ ಸರ್ಕಾರ ಆಮೇಲೆ ಅವನ್ನು ಬೇರೆ ಮಾಡುತ್ತ ಬಂತು. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ನಿಯಮಗಳಿಗೆ 1993ರಲ್ಲಿ ಸೇರಿಸಿದ ಆರನೇ ಅನುಸೂಚಿ ತೆಗೆದು ನೋಡಿ. ತ್ಯಾಜ್ಯ ನೀರು ಎಲ್ಲಿಗೆ ಬಿಡುತ್ತೀರಿ ಎಂಬುದರ ಮೇಲೆ ನಾಲ್ಕು ಕಾಲಂ. ನೀರಿನಲ್ಲಿರುವ ಕೊಳೆಯುವ ವಸ್ತುವಿನ ಅಳತೆಗೆ ಬಿಓಡಿ ಎನ್ನುತ್ತಾರೆ. ಒಳನಾಡಿನ ನದಿ ಕೆರೆಗಳಿಗೆ ಬಿಡುವುದಾದರೆ ಲೀಟರಿಗೆ 30 ಮಿಲಿಗ್ರಾಂ, ಕಡಲಿಗೆ ಬಿಡುವುದಾದರೆ 100. ಕಡಲು ದೊಡ್ಡದು, ಕರಗಿಸಿಕೊಳ್ಳುತ್ತದೆ ಎಂಬ ನಂಬಿಕೆ. ಇಂಜಿನಿಯರುಗಳ ಲೆಕ್ಕಕ್ಕೆ ಆಧಾರ ಇಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಆ 30ರ ನೀರು ಕೂಡ ಕೊನೆಗೆ ಹೋಗುವುದು ಅದೇ 100ರ ನೀರು ಇರುವಲ್ಲಿಗೆ.

ಕಾರ್ಖಾನೆಗಾದರೂ ಒಂದು ಕಾಲಂ ಇದೆ, ಊರಿಗೆ? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಕೊಟ್ಟ ಲೆಕ್ಕದಲ್ಲಿ ದೇಶದ ಪಟ್ಟಣಗಳಲ್ಲಿ ದಿನಕ್ಕೆ ಹುಟ್ಟುವ ಕೊಳಚೆ ನೀರು 72,368 ದಶಲಕ್ಷ ಲೀಟರ್. ನಿಜವಾಗಿ ಶುದ್ಧವಾಗುತ್ತಿದ್ದದ್ದು 20,236 ದಶಲಕ್ಷ ಲೀಟರ್. ಎಂಟನೇ ತರಗತಿ ಮಕ್ಕಳಿಗೆ ಇದನ್ನು ಶೇಕಡಾವಾರು ಲೆಕ್ಕವಾಗಿ ಕೊಟ್ಟೆ. 28 ಎಂದು ಉತ್ತರ ಬಂತು. ಇದು ಬರೀ ಪಟ್ಟಣಗಳ ಲೆಕ್ಕ, ಕಣೇಕಲ್ಲಿನಂಥ ಊರುಗಳು ಇದರಲ್ಲಿ ಇಲ್ಲ. ಅಂದ ಹಾಗೆ, 1995ರಲ್ಲಿ ಶುರುವಾದ ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆಯಲ್ಲಿ ಶಿವಮೊಗ್ಗ, ಭದ್ರಾವತಿ, ದಾವಣಗೆರೆ, ಹರಿಹರ ಸೇರಿದ್ದವು. ಮೇಲಿನವರಿಗೆ ಅಷ್ಟಾದರೂ ಆಯಿತು ಎನ್ನಬೇಕು. ಬಳ್ಳಾರಿ ಮತ್ತು ನಮ್ಮ ರಾಯದುರ್ಗದ ಜೀನ್ಸ್ ಹೊಲಿಗೆ ಊರೂರಿಗೆ ಗೊತ್ತು, ಎಷ್ಟೋ ನಮ್ಮ ಮಕ್ಕಳ ಮನೆಯ ಒಲೆ ಉರಿಯುವುದೇ ಅದರಿಂದ. ಆದರೆ ಬಟ್ಟೆ ತೊಳೆದ ಆ ನೀಲಿ ನೀರಿನ ಮಾತು ಬಂದಾಗ ಎಲ್ಲರೂ ಮೆಲ್ಲಗಾಗುತ್ತೇವೆ, ನಾನೂ ಸೇರಿ.

ನಮ್ಮ ನೀರಿನ ಇನ್ನೊಂದು ತುದಿಯಲ್ಲಿ, ನೆಲ್ಲೂರು ಮತ್ತು ಕೃಷ್ಣಾ ತೀರದಲ್ಲಿ, 1990ರ ದಶಕದಲ್ಲಿ ಸೀಗಡಿ ಕೊಳಗಳು ಹಬ್ಬಿದವು. ಗದ್ದೆಗಳಲ್ಲಿ ಉಪ್ಪುನೀರು ನಿಂತು ಬಾವಿಗಳು ಕೆಟ್ಟವು, ಕೊಳದ ಹೊಲಸು ಕಾಲುವೆಗೂ ಕಡಲಿಗೂ ಹೋಯಿತು. ತಮಿಳುನಾಡಿನ ಗಾಂಧಿವಾದಿ ಎಸ್. ಜಗನ್ನಾಥನ್ ಸುಪ್ರೀಂ ಕೋರ್ಟಿಗೆ ಹೋದರು. 1996ರ ಡಿಸೆಂಬರ್ 11ರಂದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಪೀಠ ಕರಾವಳಿ ವಲಯದ ಒಳಗಿನ ಇಂಥ ಕೊಳಗಳನ್ನು ತೆಗೆಯಬೇಕೆಂದು ತೀರ್ಪು ಕೊಟ್ಟಿತು. ಮುಂದೆ 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ಬಂದು ಪರವಾನಗಿಯ ಮೇಲೆ ಸೀಗಡಿ ಕೃಷಿ ಮುಂದುವರಿಯಿತು. ಅಲ್ಲಿಯ ರೈತ ಮೇಲಿನಿಂದ ಬರುವ ನೀರು ಕೆಟ್ಟಿದೆ ಎನ್ನುತ್ತಾನೆ, ಮೀನುಗಾರ ರೈತನ ಕೊಳದಿಂದ ಕಡಲು ಕೆಟ್ಟಿತು ಎನ್ನುತ್ತಾನೆ. ಇಬ್ಬರಿಗೂ ಮೇಲಿನವರು ನಾವು.

ಪ್ಲಾಸ್ಟಿಕ್ ಚೀಲದ ಚರಿತ್ರೆಯನ್ನು ಮೈಕ್ರಾನುಗಳಲ್ಲೇ ಹೇಳಿಬಿಡಬಹುದು. 1999ರಲ್ಲಿ ಚೀಲ ಕನಿಷ್ಠ 20 ಮೈಕ್ರಾನ್ ದಪ್ಪ ಇರಬೇಕು ಎಂದರು. 2011ರಲ್ಲಿ 40, 2016ರಲ್ಲಿ 50, 2021ರಲ್ಲಿ 75, 2022ರ ಕೊನೆಗೆ 120. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಲೋಟ, ಚಮಚ, ಸ್ಟ್ರಾ ಮುಂತಾದವು ದೇಶದಲ್ಲೆಲ್ಲ ನಿಷೇಧ. ಪ್ರಪಂಚಕ್ಕೆಲ್ಲ ಒಂದು ಪ್ಲಾಸ್ಟಿಕ್ ಒಪ್ಪಂದ ಮಾಡೋಣ ಎಂದು 2022ರ ಮಾರ್ಚ್‌ನಲ್ಲಿ ನೈರೋಬಿಯಲ್ಲಿ ತೀರ್ಮಾನವಾಯಿತು. ಬುಸಾನ್‌ನಲ್ಲಿ 2024ರಲ್ಲಿ, ಜಿನೀವಾದಲ್ಲಿ 2025ರ ಆಗಸ್ಟ್‌ನಲ್ಲಿ ಕೂತು ಮಾತಾಡಿದರೂ ಒಪ್ಪಂದವಾಗದೆ ಎದ್ದರು. ನಮ್ಮ ಸಂತೆಯಲ್ಲಿ ಚೀಲದ ದಪ್ಪ ಅಳೆಯುವ ಸಾಧನ ಯಾರ ಹತ್ತಿರವೂ ಇಲ್ಲ.

2022 ಎಂದಾಗ ಇನ್ನೊಂದು ನೆನಪು. ಆ ವರ್ಷ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು, 1933ರ ನಂತರ ಮೊದಲ ಸಲ. ನಮ್ಮ ಹಗರಿಗೆ ದಂಡೆ ತುಂಬ ನೀರು ಬಂತು. ಊರೆಲ್ಲ ಸೇತುವೆಯ ಮೇಲೆ. ಅಜ್ಜಿಯರು ಅರಿಶಿನ ಕುಂಕುಮ, ಹೂವು ಹಾಕಿ ಕೈ ಮುಗಿದರು. ಮಕ್ಕಳನ್ನು ಕರೆದುಕೊಂಡು ನಾನೂ ಹೋಗಿದ್ದೆ. ಎಷ್ಟೋ ವರ್ಷ ಒಣ ಮರಳಿನಲ್ಲಿ, ದಂಡೆಯ ತಿಪ್ಪೆಯಲ್ಲಿ ಬಿದ್ದಿದ್ದ ಚೀಲ, ಬಾಟಲಿ, ಹರಿದ ಚಪ್ಪಲಿ, ಔಷಧದ ಡಬ್ಬಿ, ಎಲ್ಲ ಎದ್ದು ಕೆಂಪು ನೀರಿನ ಮೇಲೆ ಸಾಲಾಗಿ ಹೊರಟಿದ್ದವು. ಸಂಜೆಯ ಹೊತ್ತಿಗೆ ದಂಡೆ ಗುಡಿಸಿದಂತೆ ಶುಭ್ರವಾಗಿತ್ತು. "ಗಂಗಮ್ಮ ಬಂದು ಊರು ತೊಳೆದಳು" ಎಂದರು ಹಿರಿಯರೊಬ್ಬರು.

ನನ್ನ ಪಕ್ಕದಲ್ಲಿ ನಿಂತಿದ್ದ ಹುಡುಗಿ, "ಸಾರ್, ಇವೆಲ್ಲ ಹಂಸಲದೀವಿ ಮುಟ್ಟೋಕೆ ಎಷ್ಟು ದಿನ ಬೇಕು?" ಎಂದು ಕೇಳಿದಳು. ದಾರಿಯಲ್ಲಿ ಶ್ರೀಶೈಲ, ನಾಗಾರ್ಜುನಸಾಗರ, ಪುಲಿಚಿಂತಲ, ವಿಜಯವಾಡದ ಬ್ಯಾರೇಜು ಇವೆ, ಎಲ್ಲವೂ ಮುಟ್ಟಲಾರವು, ಕೆಲವು ಅಲ್ಲಲ್ಲೇ ಹೂಳಿನಲ್ಲಿ ಉಳಿಯುತ್ತವೆ ಎಂದು ಹೇಳಿದೆ. ಮಾರನೆಯ ದಿನ ಅವಳು ನೋಟುಪುಸ್ತಕದಲ್ಲಿ ಆ ನಾಲ್ಕು ಅಣೆಕಟ್ಟುಗಳ ಹೆಸರು ಬರೆದು, ಪ್ರತಿಯೊಂದರ ಮುಂದೆ ಅಲ್ಲಿ ಏನೇನು ಸಿಕ್ಕಿಬಿದ್ದಿರಬಹುದು ಎಂದು ಪಟ್ಟಿ ಮಾಡಿಕೊಂಡು ಬಂದಿದ್ದಳು. ಕೊನೆಯ ಸಾಲಿನಲ್ಲಿ ಹಂಸಲದೀವಿ ಎಂದು ಬರೆದು ಮುಂದೆ ಜಾಗ ಖಾಲಿ ಬಿಟ್ಟಿದ್ದಳು.